ಎಡಗೈ ಹುರಿ

ಕೊಳ್ಳೇಗಾಲದ ನೇಕಾರರ ಬೀದಿಯಲ್ಲಿ ವೆಂಕಟಸ್ವಾಮಿ ಎಂಬ ಹೆಸರಿನವರು ನಾಲ್ವರಿದ್ದರು. ಅವರಲ್ಲಿ ನಮ್ಮವನನ್ನು ಗುರುತು ಹಿಡಿಯುವುದು ಸುಲಭವಾಗಿತ್ತು. ಮಗ್ಗದ ಗುಂಡಿಗೆ ಕಾಲು ಇಳಿಬಿಟ್ಟು ಕೂತು, ಲಾಳಿ ಎಸೆಯುತ್ತಲೇ ತುಟಿ ಅಲ್ಲಾಡಿಸುತ್ತಿದ್ದವನು ಅವನೊಬ್ಬನೇ. ಮಂತ್ರ ಹೇಳಿಕೊಳ್ಳುತ್ತಾನೆ ಎಂದು ಕೆಲವರು, ತಲೆ ಸ್ವಲ್ಪ ಹಂಗೇ ಎಂದು ಕೆಲವರು. ಎರಡೂ ಅಲ್ಲ. ಆ ಹೊತ್ತಿನಲ್ಲಿ ಅವನು ಯಾರನ್ನೋ ಕೊಲ್ಲಿಸುತ್ತಿದ್ದ, ಇಲ್ಲವೇ ಕೊಂದವರನ್ನು ಹಿಡಿಸುತ್ತಿದ್ದ.

ತನ್ನ ಹಣೆಬರಹ ಕೆಟ್ಟದ್ದು ಹತ್ತೊಂಬೈನೂರ ಐವತ್ತಾರರಲ್ಲಿ ಎಂದು ಅವನು ಹೇಳುತ್ತಿದ್ದ. ಅಲ್ಲಿಯತನಕ ಕೊಳ್ಳೇಗಾಲ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು, ಮದರಾಸಿನ ಸರ್ಕಾರ. ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷಿಗೆ ಅರವತ್ತೆಂಟು ನಂಬರು ತೆಗೆದಿದ್ದ ಹುಡುಗ ಕೊಯಮತ್ತೂರಿಗೆ ಗುಮಾಸ್ತೆ ಕೆಲಸಕ್ಕೆ ಅರ್ಜಿ ಹಾಕಿಕೊಂಡ. ಅಷ್ಟರಲ್ಲಿ ಊರು ಮೈಸೂರಿಗೆ ಸೇರಿತು. ಅರ್ಜಿ ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಅಲೆದು ಯಾವುದೋ ಬೀರುವಿನಲ್ಲಿ ಮಲಗಿಬಿಟ್ಟಿತು. ಕನ್ನಡನಾಡು ಒಂದಾಯಿತೆಂದು ಬೀದಿಯಲ್ಲಿ ಸಕ್ಕರೆ ಹಂಚಿದಾಗ ಅವನೂ ಕೈಯೊಡ್ಡಿ ತಿಂದಿದ್ದ. ಎರಡು ವರ್ಷ ಕಾದು, ದೇವಣ್ಣನವರ ಆರು ಮಗ್ಗದ ಶೆಡ್ಡಿನಲ್ಲಿ ಕಡೆಯ ಮಗ್ಗಕ್ಕೆ ಇಳಿದ.

ಗುಮಾಸ್ತೆ ಆಗಬೇಕಿದ್ದ ಬೆರಳುಗಳು ರೇಷ್ಮೆಗೆ ಒಗ್ಗಲಿಲ್ಲ. ದಿನಕ್ಕೆ ಇಪ್ಪತ್ತು ಸಲ ಎಳೆ ಹರಿಯುತ್ತಿತ್ತು. ಆಗ ಅವನ ಮಾನ ಉಳಿಸಿದವಳು ಚಿಕ್ಕತಾಯಮ್ಮ. ಅವಳು ಗಂಡ ಸತ್ತ ಹೆಂಗಸು. ಅಚ್ಚು ಕೆಚ್ಚುವುದು ಅವಳ ಕಸುಬು. ಒಂದು ಹಾಸು, ಅಂದರೆ ಮಗ್ಗಕ್ಕೆ ಹೂಡಿದ ಉದ್ದೆಳೆಗಳ ಸುತ್ತು, ನೇಯ್ದು ಮುಗಿದಾಗ, ಬಾಚಣಿಗೆಯಂಥ ಅಚ್ಚಿನಲ್ಲಿ ಉಳಿದ ಹಳೆಯ ಎಳೆಗಳ ತುದಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಹೊಸೆದು ಸೇರಿಸಬೇಕು. ಒಂದು ಮಗ್ಗಕ್ಕೆ ನಾಲ್ಕು ಸಾವಿರಕ್ಕೂ ಹೆಚ್ಚು ಎಳೆ. ಹೆಬ್ಬೆರಳಿಗೆ ಬೂದಿ ಮುಟ್ಟಿಸಿಕೊಂಡು ಕೂತಳೆಂದರೆ ಚಿಕ್ಕತಾಯಮ್ಮ ಬೆಳಗಿನಿಂದ ಸಂಜೆಯೊಳಗೆ ಮುಗಿಸಿ ಎದ್ದುಬಿಡುತ್ತಿದ್ದಳು. ಅವಳು ಎಡಚಿ. ಎಲ್ಲರೂ ಬಲಕ್ಕೆ ಹೊಸೆದರೆ ಅವಳ ಹುರಿ ಎಡಕ್ಕೆ ತಿರುಗುತ್ತಿತ್ತು. ಬೀದಿಯ ಅರ್ಧಕ್ಕರ್ಧ ಮಗ್ಗಗಳಲ್ಲಿದ್ದದ್ದು ಅವಳ ಎಡಗೈ ಹುರಿಯೇ. ವೆಂಕಟಸ್ವಾಮಿ ಹರಿದ ಎಳೆಗಳನ್ನು ದೇವಣ್ಣ ಊಟಕ್ಕೆ ಹೋದ ಹೊತ್ತು ನೋಡಿ ಅವಳೇ ಸದ್ದಿಲ್ಲದೆ ಸೇರಿಸಿಕೊಡುತ್ತಿದ್ದಳು. "ಆತುರ ಬ್ಯಾಡ ಮಗ, ಎಳೆ ಎಲ್ಲೂ ಓಡೋಗಲ್ಲ" ಎನ್ನುತ್ತಿದ್ದಳು. ಆರು ತಿಂಗಳು ಹೀಗೆ ಕಾಪಾಡಿದಳು. ಒಬ್ಬರಿಗೂ ಹೇಳಲಿಲ್ಲ.

ಪುಸ್ತಕದ ಗೀಳು ಅಂಟಿದ್ದು ಆಮೇಲೆ, ಅರವತ್ತೇಳರ ಸುಮಾರಿಗೆ. ಮೈಸೂರಿಗೆ ಸೀರೆ ಕೊಡಲು ಹೋದವನು ಬಸ್ ಸ್ಟ್ಯಾಂಡಿನಲ್ಲಿ ಒಂದು ಪತ್ತೇದಾರಿ ಕಾದಂಬರಿ ಕೊಂಡ. ಓದಿ ಕೋಪ ಬಂತು. ಇದು ಇಂಗ್ಲಿಷಿನಿಂದ ಇಳಿಸಿದ್ದು, ಇಳಿಸಿದವನಿಗೆ ಇಂಗ್ಲಿಷೂ ಬರುವುದಿಲ್ಲ ಕನ್ನಡವೂ ಬರುವುದಿಲ್ಲ ಎಂದು ಪ್ರಕಾಶಕನಿಗೆ ಕಾರ್ಡು ಗೀಚಿದ. ಹಾಗಾದರೆ ನೀವೇ ಬರೆಯಿರಿ ಎಂದು ಉತ್ತರ ಬಂತು, ಜೊತೆಗೆ ಮುದುರಿದ ಒಂದು ಇಂಗ್ಲಿಷ್ ಪುಸ್ತಕವೂ ಬಂತು.

ಅಮೆರಿಕದಲ್ಲಿ ಟೆಲಿವಿಷನ್ನಿನಲ್ಲಿ ವಾರವಾರ ತೋರಿಸುವ ಪತ್ತೇದಾರಿ ಸರಣಿಯಂತೆ. ಅದನ್ನೇ ಕಾದಂಬರಿ ಮಾಡಿ ಅಚ್ಚು ಹಾಕಿದ್ದರು. ರಕ್ಷಾಪುಟದಲ್ಲಿ ಟೋಪಿಯವನೊಬ್ಬ ಪಿಸ್ತೂಲು ಹಿಡಿದು ನಿಂತಿದ್ದ. ನೀವು ಟೆಲಿವಿಷನ್ನಿನಲ್ಲಿ ಕಂಡ ಕಥೆ ಎಂದು ಮೇಲೆ ಬರೆದಿತ್ತು. ವೆಂಕಟಸ್ವಾಮಿ ಟೆಲಿವಿಷನ್ ಕಂಡಿರಲಿಲ್ಲ, ಆ ಸೀಮೆಯಲ್ಲಿ ಕಂಡವರೇ ಇರಲಿಲ್ಲ. ಮನೆಯೊಳಗೇ ಇಟ್ಟುಕೊಳ್ಳುವ ಚಿಕ್ಕ ಟೂರಿಂಗ್ ಟಾಕೀಸು ಇರಬೇಕು ಎಂದುಕೊಂಡ. ಆ ಪುಸ್ತಕಗಳಲ್ಲಿ ಹತ್ತು ಹನ್ನೆರಡು ಪುಟಕ್ಕೊಮ್ಮೆ ಯಾರಾದರೂ ಬಾಗಿಲು ತಟ್ಟುತ್ತಿದ್ದರು, ಅಲ್ಲಿಗೆ ಅಧ್ಯಾಯ ಮುಗಿಯುತ್ತಿತ್ತು. ಅದು ಟೆಲಿವಿಷನ್ನಿನಲ್ಲಿ ಜಾಹೀರಾತು ಬರುವ ಜಾಗ ಎಂಬುದು ಅವನಿಗೆ ಕೊನೆಯವರೆಗೂ ತಿಳಿಯಲಿಲ್ಲ. ಆದರೂ ನಿಷ್ಠೆಯಿಂದ ಪ್ರತಿಸಲ ತಟ್ಟಿಸಿದ.

ಟೋಪಿಯವನು ಇನ್ಸ್‌ಪೆಕ್ಟರ್ ಗಿರಿಧರನಾದ. ವಿಸ್ಕಿ ಕಾಫಿಯಾಯಿತು. ಹಡಗಿನ ಬಂದರು ಮೈಸೂರಿನ ರೈಲ್ವೆ ಯಾರ್ಡಾಯಿತು. ನೇಯುತ್ತಾ ವಾಕ್ಯ ಕಟ್ಟಿಕೊಂಡು, ಸಂಜೆ ಮನೆಯಲ್ಲಿ ಕೂತು ಬರೆಯುತ್ತಿದ್ದ. ಪುಸ್ತಕದ ಮೇಲೆ ಅವನ ಹೆಸರಿರಲಿಲ್ಲ. 'ವಜ್ರಕಾಂತ' ಎಂದಿತ್ತು. ಆ ಹೆಸರು ಪ್ರಕಾಶಕನ ಸೊತ್ತು, ಅದರಲ್ಲಿ ಇನ್ನೂ ಮೂವರು ಬರೆಯುತ್ತಿದ್ದರು. ವಜ್ರಕಾಂತರು ನಿವೃತ್ತ ಪೊಲೀಸ್ ಅಧಿಕಾರಿಗಳು, ಇವೆಲ್ಲ ಅವರು ಕಂಡ ಪ್ರಸಂಗಗಳು ಎಂದು ಹಿಂಬದಿಯಲ್ಲಿ ಹಾಕಿದ್ದು ಶುದ್ಧ ಸುಳ್ಳು. ಬರೆಯುವ ವಿಷಯ ಹೆಂಡತಿ ಅನಸೂಯಮ್ಮನಿಗೆ ಬಿಟ್ಟು ಬೇರೆಯವರಿಗೆ ಗೊತ್ತಿರಲಿಲ್ಲ. ಮಗ್ಗದಲ್ಲಿ ಕೂತು ಕಥೆ ಕಟ್ಟುತ್ತಾನೆಂದು ತಿಳಿದರೆ ದೇವಣ್ಣ ಮಗ್ಗ ಬಿಡಿಸುತ್ತಿದ್ದರು. ಅದಕ್ಕೇ ಪ್ರಕಾಶಕನ ಕಾರ್ಡುಗಳೆಲ್ಲ ಓದಿದ ಕೂಡಲೇ ನೀರೊಲೆಗೆ ಹೋಗುತ್ತಿದ್ದವು.

ಗುಟ್ಟಿನಲ್ಲೊಂದು ಸುಖವೂ ಇತ್ತು. ದೇವಣ್ಣನವರ ಹೆಂಡತಿ ಮಹದೇವಮ್ಮ ಊಟವಾದ ಮೇಲೆ ಶೆಡ್ಡಿನ ಬಾಗಿಲಲ್ಲಿ ಕೂತು ಗಟ್ಟಿಯಾಗಿ ಪುಸ್ತಕ ಓದುತ್ತಿದ್ದಳು. ಕೇಳುವ ಆಸೆಗೆ ಮಗ್ಗಗಳೆಲ್ಲ ಮೆಲ್ಲಗಾಗುತ್ತಿದ್ದವು. ಹೊಸ ವಜ್ರಕಾಂತ ಬಂದರೆ ಹಬ್ಬ. "ಏನ್ ತಲೆ ಕಣ್ಲಾ ಈ ಮನ್ಸಂದು!" ಎಂದು ದೇವಣ್ಣ ತೊಡೆ ತಟ್ಟಿದ ದಿನ, ಕಡೆಯ ಮಗ್ಗದವನು ಮನೆಯಲ್ಲಿ ಒಂದು ಮುದ್ದೆ ಜಾಸ್ತಿ ಉಣ್ಣುತ್ತಿದ್ದ.

ಹನ್ನೆರಡನೆಯ ಪುಸ್ತಕದಲ್ಲಿ ಎಡವಟ್ಟಾಯಿತು. ಇಂಗ್ಲಿಷಿನಲ್ಲಿ ಕೊಲೆಗಾರ ಒಬ್ಬ ಹಡಗಿನವನು. ಹಗ್ಗಕ್ಕೆ ಅವನು ಹಾಕಿದ ಗಂಟಿನಿಂದ ಸಿಕ್ಕಿಬೀಳುತ್ತಾನೆ. ಆ ಗಂಟಿನ ವರ್ಣನೆಯೇ ಆರು ಪುಟ. ಸಮುದ್ರವನ್ನೇ ಕಾಣದ ವೆಂಕಟಸ್ವಾಮಿಗೆ ಅದರ ತಲೆಬುಡ ಹತ್ತಲಿಲ್ಲ. ಹತ್ತು ದಿನದಲ್ಲಿ ಮುಗಿಸಿ ಎಂದು ಪ್ರಕಾಶಕನ ಕಾರ್ಡು. ತಲೆ ಎತ್ತಿ ನೋಡಿದರೆ ಎದುರು ಮಗ್ಗದಲ್ಲಿ ಚಿಕ್ಕತಾಯಮ್ಮ ಅಚ್ಚು ಕೆಚ್ಚುತ್ತಿದ್ದಳು.

ಹಡಗಿನವನನ್ನು ತೆಗೆದು ಅಚ್ಚು ಕೆಚ್ಚುವ ಹೆಂಗಸನ್ನು ಹಾಕಿದ. ಅವಳು ಹೊಸ ಹಾಸಿನ ಅಂಚಿನ ಜರಿಯನ್ನು ಮೊಳಗಟ್ಟಲೆ ಕತ್ತರಿಸಿ ಬಚ್ಚಿಟ್ಟುಕೊಂಡು, ಉಳಿದದ್ದನ್ನು ಹೊಸೆದು ಸೇರಿಸುತ್ತಾಳೆ. ಕಂಡುಹಿಡಿದ ಯಜಮಾನನನ್ನು ಕೊಲ್ಲುತ್ತಾಳೆ. ಇನ್ಸ್‌ಪೆಕ್ಟರ್ ಗಿರಿಧರ ಮಗ್ಗದ ಮೇಲೆ ಬಗ್ಗಿ, ಎಳೆಗಳ ಹುರಿ ಎಡಕ್ಕೆ ತಿರುಗಿರುವುದನ್ನು ಕಂಡು ಅವಳನ್ನು ಹಿಡಿಯುತ್ತಾನೆ. ಬೂದಿ ಮೆತ್ತಿದ ಹೆಬ್ಬೆರಳು, ಎಳೆ ನೋಡುವಾಗ ಓರೆಯಾಗುವ ಕತ್ತು, ಏನನ್ನೂ ಬಿಡದೆ ಬರೆದ. ಹನ್ನೆರಡು ಪುಸ್ತಕಗಳಲ್ಲಿ ಅವನ ಸ್ವಂತದ್ದು ಅಂತ ಇದ್ದದ್ದು ಅದೊಂದೇ. ಬರೆದ ದಿನ ಸಂತೋಷದಿಂದ ಅವನಿಗೆ ನಿದ್ದೆ ಹತ್ತಲಿಲ್ಲ.

ಮಹದೇವಮ್ಮ ಓದಿದಳು. ಚಿಕ್ಕತಾಯಮ್ಮನೂ ಅಲ್ಲೇ ಎಳೆ ಹೊಸೆಯುತ್ತಾ ಕೇಳಿದಳು. "ಅಯ್ಯೋ, ಈ ಕಳ್ಳಿ ನನ್ನಂಗೇ ಎಡಚಿ ಕಣ್ರವ್ವ!" ಎಂದು ನಕ್ಕಿದ್ದೇ ನಕ್ಕಿದ್ದು. ಎಲ್ಲರೂ ನಕ್ಕರು. ವೆಂಕಟಸ್ವಾಮಿ ಎಲ್ಲರಿಗಿಂತ ಜೋರಾಗಿ ನಕ್ಕ.

ಎರಡು ತಿಂಗಳಿಗೆ ದೇವಣ್ಣನವರ ಮೂರನೆಯ ಮಗ್ಗದಲ್ಲಿ ಧಾರೆ ಸೀರೆಯ ಹಾಸು ಸಾಲದೆ ಬಂತು. ರೇಷ್ಮೆ ಇನ್ನೂ ಇದೆ, ಅಂಚಿನ ಜರಿ ಮಾತ್ರ ಅರ್ಧ ಸೀರೆಯಷ್ಟು ಮೊದಲೇ ಮುಗಿದಿದೆ. ಹಿಂದೆಂದೂ ಹೀಗಾಗಿರಲಿಲ್ಲ. ನೇಯುತ್ತಿದ್ದ ಸಿದ್ದಯ್ಯ ಎಂಬುವನು ಎದ್ದು ನಿಂತು, "ಸಾ, ಪುಸ್ತಕದಾಗೆ ಏಳಿದ್ರಲ್ಲ, ಹುರಿ ನೋಡಿ" ಎಂದ. ಹಾಸು ಕೆಚ್ಚಿದ ಜಾಗ ಇನ್ನೂ ಬಟ್ಟೆಯಲ್ಲೇ ಇತ್ತು. ದೇವಣ್ಣ ಬಗ್ಗಿದರು. ಥೇಟು ಇನ್ಸ್‌ಪೆಕ್ಟರ್ ಗಿರಿಧರನ ಹಾಗೆಯೇ ಬಗ್ಗಿದರು. ಹುರಿ ಎಡಕ್ಕಿತ್ತು.

ಎಡಕ್ಕಲ್ಲದೆ ಇನ್ನೆಲ್ಲಿಗಿರುತ್ತದೆ? ಕೆಚ್ಚಿದವಳು ಅವಳೇ ಅಲ್ಲವೇ! ಅಕ್ಕಪಕ್ಕದ ಮಗ್ಗಗಳಲ್ಲಿದ್ದದ್ದೂ ಅದೇ ಹುರಿ. ಹುಟ್ಟಿದಾಗಿನಿಂದ ನೂಲಿನಲ್ಲೇ ಬೆಳೆದ ಆರು ಜನ ಗಂಡಸರಲ್ಲಿ ಒಬ್ಬನಿಗೂ ಅದು ಹೊಳೆಯಲಿಲ್ಲ. ಅಚ್ಚಾದದ್ದರ ಮೇಲೆ, ಅದೂ ಪೊಲೀಸ್ ಅಧಿಕಾರಿ ಬರೆದದ್ದರ ಮೇಲೆ, ಅಂಥ ನಂಬಿಕೆ.

ದೇವಣ್ಣ ಪೊಲೀಸು ಗಿಲೀಸು ಎನ್ನಲಿಲ್ಲ. "ನಾಳೆಯಿಂದ ಬರಬ್ಯಾಡ ಕಣಮ್ಮ" ಎಂದರು, ಅಷ್ಟೇ. ಚಿಕ್ಕತಾಯಮ್ಮ ಬೂದಿ ಬೆರಳನ್ನು ಸೆರಗಿಗೆ ಒರೆಸಿಕೊಂಡು ಎದ್ದಳು. "ನಾನು ಮುಟ್ಟಿಲ್ಲ ಸಾಮಿ" ಎಂದು ಒಂದೇ ಸಲ ಹೇಳಿದಳು. ಆಮೇಲೆ ಒಬ್ಬೊಬ್ಬರ ಮುಖವನ್ನೂ ನೋಡುತ್ತಾ ಬಂದಳು. ಕಡೆಯ ಮಗ್ಗದ ಮುಖವನ್ನೂ ನೋಡಿದಳು.

ಅದು ಕಟ್ಟುಕಥೆ, ಕಟ್ಟಿದವನು ನಾನೇ ಎಂದು ಅವನು ಅಂದುಬಿಟ್ಟಿದ್ದರೆ ಸಾಕಿತ್ತು. ಅನ್ನಲಿಲ್ಲ. ಮಗ್ಗ ಹೋಗುತ್ತದೆಂಬ ಹೆದರಿಕೆ ಒಂದು. ಅದನ್ನು ಕ್ಷಮಿಸಬಹುದು, ಹೊಟ್ಟೆಪಾಡು. ಆದರೆ 'ಏನ್ ತಲೆ' ಎಂಬ ಆ ಮಾತು ಇನ್ನು ಕಿವಿಗೆ ಬೀಳುವುದಿಲ್ಲವಲ್ಲ ಎಂಬ ಸಂಕಟ ಅದಕ್ಕಿಂತ ದೊಡ್ಡದಿತ್ತು. ಅದಕ್ಕೆ ಏನೆನ್ನುವುದು? ಲಾಳಿ ಎಸೆದ, ಹಲಗೆ ಬಡಿದ.

ವಾರದೊಳಗೆ ಬೀದಿಯ ಉಳಿದ ಮನೆಗಳೂ ಅವಳನ್ನು ಕರೆಯುವುದು ಬಿಟ್ಟವು. ತಿಂಗಳೊಪ್ಪತ್ತು ನೋಡಿ, ಅವಳು ಹನೂರಿನಲ್ಲಿದ್ದ ಅಣ್ಣನ ಮಗಳ ಮನೆಗೆ ಹೊರಟುಹೋದಳು.

ಐದು ತಿಂಗಳ ಮೇಲೆ ಇನ್ನೆರಡು ಮನೆಗಳಲ್ಲಿ ಹಾಸಿನ ಜರಿ ಸಾಲದೆ ಬಂತು. ಅವನ್ನು ಕೆಚ್ಚಿದವಳು ಮಾಂಬಳ್ಳಿಯಿಂದ ಬರುವ ಹೊಸ ಹೆಂಗಸು, ಅವಳದ್ದು ಬಲಗೈ. ವಿಚಾರಿಸಿದರೆ ಮೂರು ಹಾಸೂ ಒಬ್ಬನೇ ವ್ಯಾಪಾರಿ ಕಳಿಸಿದ್ದವು. ಅವನ ಕಡೆಯವರು ಹಾಸು ಸುತ್ತುವಾಗಲೇ ಜರಿ ಕಡಿಮೆ ಸುತ್ತಿದ್ದರು. ದೇವಣ್ಣ ವ್ಯಾಪಾರಿಯನ್ನು ಕರೆಸಿ ಉಗಿದರು. ಅಲ್ಲಿಗೆ ಮುಗಿಯಿತು. ಹನೂರಿನ ಬಸ್ಸು ಹತ್ತುವ ಮಾತನ್ನು ಯಾರೂ ಎತ್ತಲಿಲ್ಲ.

ಆ ಮಧ್ಯಾಹ್ನ ವೆಂಕಟಸ್ವಾಮಿ ಗುಂಡಿಯಿಂದ ಮೇಲೆ ಬಂದ. "ದೇವಣ್ಣೋರೆ, ಆ ಪುಸ್ತಕ ಬರ್ದೋನು ನಾನು. ಹುರಿ ನೋಡಿ ಕಳ್ಳರನ್ನ ಹಿಡಿಯೋದೆಲ್ಲ ಸುಳ್ಳು. ಚಿಕ್ಕತಾಯವ್ವನ್ನ ಕರೆಸ್ಬೇಕು" ಎಂದ.

ಶೆಡ್ಡಿಗೆ ಶೆಡ್ಡೇ ನಕ್ಕಿತು. "ನೀನಾ ವಜ್ರಕಾಂತ? ಎಳೆ ಹರ್ದ್ರೆ ಗಂಟಾಕಕ್ ಬರಲ್ಲ ನಿಂಗೆ!" ಎಂದು ಸಿದ್ದಯ್ಯ ಹೊಟ್ಟೆ ಹಿಡಿದುಕೊಂಡ. ವೆಂಕಟಸ್ವಾಮಿ ಮನೆಗೆ ಓಡಿದ. ಕಾರ್ಡುಗಳೆಲ್ಲ ಬೂದಿಯಾಗಿದ್ದವು. ಉಳಿದಿದ್ದ ಆ ಹಡಗಿನವನ ಇಂಗ್ಲಿಷ್ ಪುಸ್ತಕವನ್ನೇ ತಂದು ತೋರಿಸಿದ. ದೇವಣ್ಣ ರಕ್ಷಾಪುಟ ತಿರುಗಿಸಿ ನೋಡಿದರು. "ಇದ್ರಾಗೆ ಹಡಗದೆ. ನಮ್ ಪುಸ್ತಕದಾಗೆ ಹಡಗೆಲ್ಲದೆ ಕಣ್ಲಾ? ಓಗು, ಓಗಿ ನೇಯಿ" ಎಂದರು. ಅವರಿಗೆ ಕೋಪ ಕೂಡ ಬರಲಿಲ್ಲ. ಮಗ್ಗ ಉಳಿಯಿತು.

ಮಾರನೆಯ ದಿನವೇ ಅವನು ಹನೂರಿಗೆ ಹೋದ. ಹುಣಸೆ ಮಂಡಿಯ ಹಿಂದೆ ತಗಡಿನ ಮಾಡಿನ ಕೆಳಗೆ ಹತ್ತಾರು ಹೆಂಗಸರು ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುತ್ತಿದ್ದರು. ಚಿಕ್ಕತಾಯಮ್ಮ ಒಂದು ಮೂಲೆಯಲ್ಲಿದ್ದಳು. ಇಳಿದುಹೋಗಿದ್ದಳು. ಮಿಕ್ಕವರ ಮುಂದೆ ಗುಡ್ಡೆಯಿದ್ದರೆ ಅವಳ ಮುಂದೆ ಬೊಗಸೆಯಷ್ಟು. ಬಲಗೈಯಲ್ಲಿ ಕೊಡತಿ ಹಿಡಿದು ಕುಟ್ಟುತ್ತಿದ್ದಳು. ಎರಡು ಏಟಿಗೆ ಒಂದು ನೆಲಕ್ಕೆ ಬೀಳುತ್ತಿತ್ತು. ಎಡಗೈ ಸೆರಗಿನೊಳಗಿತ್ತು.

"ಕೈಗೇನಾಯ್ತವ್ವ?" ಎಂದ.

"ಏನೂ ಆಗಿಲ್ಲ ಕಣ ಮಗ. ಆ ಪುಸ್ತಕ ಇಲ್ಗೂ ಬಂದದೆ. ಬಸ್ ಸ್ಟ್ಯಾಂಡ್ ಅಂಗ್ಡೀಲಿ ನೇತಾಕವ್ರೆ. ಯಾಕ್ ಬೇಕು ಅಂತ ಈ ಕೈಲಿ ಕಲ್ತ್ಕತಾ ಇವ್ನಿ."

ಅವನು ಅಲ್ಲೇ ನೆಲದ ಮೇಲೆ ಕೂತ. ಎಲ್ಲವನ್ನೂ ಹೇಳಿದ. ಟೆಲಿವಿಷನ್ನು, ಪ್ರಕಾಶಕ, ವಜ್ರಕಾಂತ, ಶೆಡ್ಡಿನವರು ನಕ್ಕದ್ದು, ಒಂದನ್ನೂ ಬಿಡಲಿಲ್ಲ. ಶೆಡ್ಡಿನವರು ನಂಬದ್ದನ್ನು ಅವಳು ಕೇಳಿದ ಕೂಡಲೇ ನಂಬಿದಳು. ಬಯ್ಯಲಿಲ್ಲ, ಅಳಲಿಲ್ಲ. ಒಂದೇ ಒಂದು ಮಾತು ಕೇಳಿದಳು.

"ಇಂಗ್ಲೀಸ್ ಪುಸ್ತಕದಾಗೂ ನಾನಿದ್ನಾ?"

ಹೌದು ಎನ್ನಬಹುದಿತ್ತು. ದೂರದ ದೇಶದವರ ಮೇಲೆ ಹೊರಿಸಿ ಎದ್ದು ಬರಬಹುದಿತ್ತು. ಅಷ್ಟು ಸುಳ್ಳು ಬರೆದವನಿಗೆ ಆ ಹೊತ್ತು ಅದೊಂದು ಸುಳ್ಳು ಬಾಯಿಗೆ ಬರಲಿಲ್ಲ.

"ಇಲ್ಲ ಕಣವ್ವ. ಅದ್ರಲ್ಲಿ ಯಾರೋ ಹಡಗಿನೋನು."

"ಅಂಗಾರೆ ನೀನೇ ತಂದು ಕೂರ್ಸ್‌ದೆ ನನ್ನ."

"ನಿನ್ ಕೈ ಕೆಲ್ಸ ಚೆಂದಾಗಿತ್ತು. ಅದ್ಕೇ ಬರದ್ನವ್ವ."

ಅವಳು ಸೆರಗಿನಿಂದ ಎಡಗೈ ತೆಗೆದು ಒಂದು ಗಳಿಗೆ ನೋಡಿಕೊಂಡಳು. ಹೆಬ್ಬೆರಳಲ್ಲಿ ಬೂದಿ ಇರಲಿಲ್ಲ. ಮತ್ತೆ ಸೆರಗಿನೊಳಗೆ ಇಟ್ಟುಕೊಂಡಳು.

"ಬಸ್ ಬಿಡ್ತಾನೆ, ಓಗು" ಎಂದು ಬಲಗೈಗೆ ಕೊಡತಿ ತೆಗೆದುಕೊಂಡಳು. ಏಟು ಜಾರಿ ಹಣ್ಣು ಪಕ್ಕಕ್ಕೆ ಸಿಡಿಯಿತು. ಅದನ್ನು ಬಲಗೈಯಲ್ಲೇ ಹೆಕ್ಕಿ, ಮತ್ತೆ ಕಲ್ಲಿನ ಮೇಲೆ ಇಟ್ಟಳು.