ಆಭಾರ ಮಾಸ್ತರರು ಬಿಟ್ಟ ಹೆಸರು

ಗದಗಿನಲ್ಲಿ ಭಾಷಣ ಮಾಡುವವರಿಗೆ ಎಂದೂ ಬರ ಬಂದಿರಲಿಲ್ಲ. ಭಾಷಣ ಮುಗಿದ ಮೇಲೆ ಎದ್ದು ನಿಂತು, ಯಾರನ್ನೂ ಮರೆಯದೆ, ಯಾರ ಮನಸ್ಸನ್ನೂ ನೋಯಿಸದೆ ಉಪಕಾರ ನೆನೆಯುವವರು ಮಾತ್ರ ಊರಿಗೆಲ್ಲ ಒಬ್ಬರೇ ಇದ್ದರು. ಅವರು ಜಯತೀರ್ಥ ಸೊರಟೂರ ಮಾಸ್ತರರು. ಮುಂಬಯಿ ಸರಕಾರದ ಕಾಲ. ವಂದನಾರ್ಪಣೆ ಎಂಬ ದೊಡ್ಡ ಮಾತು ಇನ್ನೂ ಮಂದಿಯ ಬಾಯಿಗೆ ಹತ್ತಿರಲಿಲ್ಲ, ಆಭಾರ ಎಂದರೆ ಎಲ್ಲರಿಗೂ ತಿಳಿಯುತ್ತಿತ್ತು. ಹಾಗಾಗಿ ಶಾಲೆಯ ಹುಡುಗರಿಂದ ಹಿಡಿದು ಬೆಟಗೇರಿಯ ನೇಕಾರರವರೆಗೆ ಎಲ್ಲರಿಗೂ ಅವರು ಆಭಾರ ಮಾಸ್ತರರೇ ಆಗಿದ್ದರು.

ವಾಚನಾಲಯದ ಹಿಂದಿನ ಬಯಲಿನಲ್ಲಿ ಪ್ರತಿ ಬೇಸಿಗೆ ನಾಲ್ಕು ದಿನ ವ್ಯಾಖ್ಯಾನಮಾಲೆ ನಡೆಯುತ್ತಿತ್ತು. ೧೯೩೮ರಲ್ಲಿ ಶುರುವಾದದ್ದು. ಧಾರವಾಡ, ಬೆಳಗಾವಿ, ಒಮ್ಮೊಮ್ಮೆ ಪುಣೆಯಿಂದಲೂ ವಿದ್ವಾಂಸರು ರೈಲಿನಲ್ಲಿ ಬಂದಿಳಿಯುತ್ತಿದ್ದರು. ನಗರದಲ್ಲಿ ನೆರೆಹೊರೆಯವರ ಜೊತೆ ಹೇಗೆ ಬಾಳಬೇಕು, ಕಸವನ್ನು ಎಲ್ಲಿ ಚೆಲ್ಲಬೇಕು, ಎಲ್ಲಿ ಚೆಲ್ಲಬಾರದು, ಕೋಪ ಬಂದಾಗ ಏನು ಮಾಡಬೇಕು, ನಿದ್ದೆ ಬಾರದಿದ್ದರೆ ಏನು ಮಾಡಬೇಕು ಎಂದೆಲ್ಲ ಹೇಳುತ್ತಿದ್ದರು. ಚಹಾದ ಕೆಡುಕಿನ ಮೇಲೆ ಒಂದೂವರೆ ತಾಸು ಮಾತಾಡಿದ ಒಬ್ಬ ಮಹನೀಯರು ವೇದಿಕೆ ಇಳಿದೊಡನೆ ಒಂದು ಕಪ್ಪು ಚಹಾ ಸಿಕ್ಕೀತೇ ಎಂದು ಮಾಸ್ತರರ ಕಿವಿಯಲ್ಲಿ ಕೇಳಿದ್ದುಂಟು. ಮಾಸ್ತರರು ಅದನ್ನು ಯಾರಿಗೂ ಹೇಳಲಿಲ್ಲ. ಹೆಂಡತಿಗೆ ಮಾತ್ರ ಹೇಳಿದರು, ಚಹಾ ಮಾಡಬೇಕಾದವರು ಅವರೇ ಆಗಿದ್ದರಿಂದ.

ಬಯಲಿನ ಗೋಡೆಗೆ ಹತ್ತಿಕೊಂಡೇ ಮಾಸ್ತರರ ಮನೆ. ಬಂದ ವಿದ್ವಾಂಸರ ಊಟ ಮೊದಲ ವರ್ಷದಿಂದಲೂ ಅಲ್ಲೇ. ಹಾಗೆಂದು ಯಾರೂ ಠರಾವು ಮಾಡಿರಲಿಲ್ಲ, ಮೊದಲ ಸಲ ಖಾನಾವಳಿ ಮುಚ್ಚಿತ್ತೆಂದು ಉಂಡರು, ಮುಂದೆ ಅದೇ ರೂಢಿಯಾಯಿತು. ವ್ಯಾಖ್ಯಾನಮಾಲೆ ನಡೆಸುವ ಸಂಘದ ಕಾರ್ಯದರ್ಶಿ ಅಂದಪ್ಪನವರು ಹತ್ತಿಯ ವ್ಯಾಪಾರಸ್ಥರು, ಅತಿಥಿಗಳಿಗೆ ಜೊತೆಯಾಗಲೆಂದು ಅವರೂ ಪಡಸಾಲೆಯಲ್ಲಿ ಪಂಕ್ತಿಗೆ ಕೂಡುತ್ತಿದ್ದರು. ಒಳಗಿನಿಂದ ಜೋಳದ ಹಿಟ್ಟಿನ ಬಿಸಿ ಭಕ್ಕರಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು ಬರುತ್ತಿದ್ದವು. ಬಡಿಸುವ ಕೈಗೆ ಎಲ್ಲರೂ ಗೌರವದಿಂದ ಬಾಯಾರೆ, ಎಂದರೆ ಬಾಯಿಯವರೇ, ಎನ್ನುತ್ತಿದ್ದರು. ಬಾಯಾರೆ, ಇನ್ನೊಂದು ಅರ್ಧ ಭಕ್ಕರಿ. ಬಾಯಾರೆ, ಸಾಕು.

ಆ ಬಾಯಾರು, ಎಂದರೆ ಮಾಸ್ತರರ ಹೆಂಡತಿ, ಹದಿನೆಂಟು ವರ್ಷದಲ್ಲಿ ಒಂದು ವ್ಯಾಖ್ಯಾನವನ್ನೂ ಕೇಳಿರಲಿಲ್ಲ. ವ್ಯಾಖ್ಯಾನದ ಹೊತ್ತೇ ಅಡಿಗೆಯ ಹೊತ್ತು. ಹೆಂಗಸರಿಗೆಂದು ಹಾಸಿದ ಜಮಖಾನೆಯ ಮೇಲೆ ಓಣಿಯವರೆಲ್ಲ ಕೂತು ಸಂಸಾರದಲ್ಲಿ ಸಮಾಧಾನ ಹೇಗೆ ಎಂದು ಕೇಳುವಾಗ ಇವರು ಒಲೆಯ ಮುಂದೆ ಬದನೆಕಾಯಿ ಸೀಳುತ್ತಿದ್ದರು. ಭಾಷಣಕಾರರ ದನಿ ಗೋಡೆಯಾಚೆ ಗುಂಯ್ ಎನ್ನುತ್ತಿತ್ತೇ ಹೊರತು ಮಾತು ತಿಳಿಯುತ್ತಿರಲಿಲ್ಲ, ಅವರ ಮುಖ ಜನರ ಕಡೆಗೆ. ಆಭಾರ ಹೇಳುವ ಮಾಸ್ತರರು ಮಾತ್ರ ವೇದಿಕೆ ಏರದೆ ಗೋಡೆಯ ಬದಿಗೆ, ಅಡಿಗೆಮನೆಯ ಕಿಟಕಿಯ ಹತ್ತಿರವೇ ನಿಲ್ಲುತ್ತಿದ್ದರು. ಅದು ವಿನಯಕ್ಕಾಗಿ ಅವರು ಮಾಡಿಕೊಂಡ ಪದ್ಧತಿ. ಅವರ ಆಭಾರ ಒಲೆಯ ಮುಂದೆ ಅಕ್ಷರ ಅಕ್ಷರ ಕೇಳುತ್ತಿತ್ತು.

ಆಭಾರಕ್ಕೆ ಒಂದು ಕ್ರಮವಿತ್ತು. ಮೊದಲು ವ್ಯಾಖ್ಯಾನಕಾರರು, ಆಮೇಲೆ ಅಧ್ಯಕ್ಷರು, ಕರಪತ್ರ ಅಚ್ಚು ಹಾಕಿದವರು, ಹೂಮಾಲೆ ಕೊಟ್ಟ ನೀಲಗಂಗವ್ವ, ಜಮಖಾನೆ ಕೊಟ್ಟ ಉಸ್ಮಾನಸಾಬರು, ಎಲ್ಲರಿಗಿಂತ ಕೊನೆಗೆ ಪೆಟ್ರೋಮ್ಯಾಕ್ಸ್ ದೀಪದ ಅಕ್ಬರಸಾಬರು. ಬಯಲಿಗೆ ವಿದ್ಯುತ್ತಿನ ತಂತಿ ಎಳೆದಿರಲಿಲ್ಲ. ಕಾಗದ ಹಿಡಿಯದೆ ಇಪ್ಪತ್ತು ಇಪ್ಪತ್ತೈದು ಹೆಸರು ಹೇಳುತ್ತಿದ್ದರು ಮಾಸ್ತರರು. ಅಕ್ಬರಸಾಬರ ಹೆಸರು ಬಂತೆಂದರೆ ಸಭೆ ಮುಗಿಯಿತೆಂದೇ ಲೆಕ್ಕ, ಮಂದಿ ಚಪ್ಪಲಿ ಹುಡುಕಲು ಏಳುತ್ತಿದ್ದರು. ಸ್ವಾತಂತ್ರ್ಯ ಬಂದ ವರ್ಷ ಅಷ್ಟೊಂದು ಗದ್ದಲದಲ್ಲೂ ಅವರು ಒಂದು ಹೆಸರು ಬಿಡಲಿಲ್ಲ, ಬಾವುಟದ ಕೋಲು ಕೆತ್ತಿ ಕೊಟ್ಟ ನಾಗಾವಿಯ ಬಡಿಗ ಹನಮಪ್ಪನನ್ನೂ ನೆನೆದರು. ಹನಮಪ್ಪ ಆ ಮಾತು ಮೊಮ್ಮಕ್ಕಳಿಗೆ ಹೇಳುತ್ತಾನೆಂದು ಕೇಳಿ ಮಾಸ್ತರರಿಗೆ ಒಳಗೊಳಗೇ ಹಿಗ್ಗು.

೧೯೫೪ರ ಬೇಸಿಗೆ. ಅತಿಥಿಗಳು ಉಂಡು ಹೋದ ಮೇಲೆ ಹೆಂಡತಿ ಊಟಕ್ಕೆ ಕೂತಿದ್ದರು. ಅವತ್ತಿನ ವ್ಯಾಖ್ಯಾನದ ಸಾರವನ್ನು ಆ ಹೊತ್ತಿಗೆ ಅವರಿಗೆ ಹೇಳುವುದು ಮಾಸ್ತರರ ರೂಢಿ. ಹೇಳುವುದೆಲ್ಲ ಮುಗಿಸಿ, ಸುಮ್ಮನೆ ಮಾತಿಗೆ ಕೇಳಿದರು.

“ಭಕ್ರಿ ಇಷ್ಟ ಬರೋಬ್ಬರಿ ಬಿಸಿ ಹ್ಯಾಂಗ ಇರ್ತಾವ? ಅವರು ಎಷ್ಟ ಹೊತ್ತಿಗೆ ಬರ್ತಾರಂತ ನಿನಗ ಹ್ಯಾಂಗ ತಿಳೀತದ?”

“ನಿಮ್ಮ ಆಭಾರ ಕೇಳ್ಕೋತ ಹಿಟ್ಟ ನಾದತೀನಿ. ಅಕ್ಬರಸಾಬನ ಹೆಸರ ಬಂದ ಕೂಡಲೆ ಒಲೀ ಮ್ಯಾಲ ಹಂಚ ಇಡತೀನಿ.”

“ಅಕ್ಬರಸಾಬನ ಹೆಸರಽ ಯಾಕ?”

“ಅದರ ಮುಂದ ಇನ್ನ ಯಾರ ಹೆಸರೂ ಬರೂದಿಲ್ಲಲ್ಲ, ಅದಕ್ಕ.”

ಹೇಳಿ ಅವರು ಮೊಸರು ಕಲಸಿಕೊಂಡರು. ಮುಖದಲ್ಲಿ ಸಿಟ್ಟಿರಲಿಲ್ಲ. ಮಾಸ್ತರರು ನಕ್ಕರು. ಮನೆಯ ಮಂದಿಗೆ ಯಾರಾದರೂ ಆಭಾರ ಹೇಳುತ್ತಾರೆಯೇ, ನಾಲ್ಕು ಜನ ನಗುವುದಿಲ್ಲವೇ, ಎಂದರು. ಅವರೂ ನಕ್ಕರು. ಮಾತು ಅಲ್ಲಿಗೆ ಮುಗಿಯಿತು ಎಂದುಕೊಂಡರು ಮಾಸ್ತರರು. ಲೋಕಕ್ಕೆಲ್ಲ ಉಪಕಾರ ಸ್ಮರಿಸುವ ಈ ಜಾಣರಿಗೆ ಆ ಮಾತಿನ ಮುಳ್ಳು ಹತ್ತಲಿಲ್ಲ, ಹತ್ತಲು ಇನ್ನೂ ಒಂದು ವರ್ಷ ಬೇಕಾಯಿತು.

ಮರುವರ್ಷದ ನಾಲ್ಕು ದಿನ ಹೆಂಡತಿ ಜ್ವರದಲ್ಲೇ ಅಡಿಗೆ ಮಾಡಿದರು. ನೀರಿನ ತಂಬಿಗೆ ಇಸಿದುಕೊಳ್ಳುವಾಗ ಮಾಸ್ತರರಿಗೆ ಕೈ ಸುಟ್ಟಂತಾಯಿತು.

“ಯಾಕ, ಮೈ ಬಿಸಿ ಅದಽಲ್ಲ?”

“ಒಲೀ ಮುಂದ ಕೂತವರ ಕೈ ಬಿಸೀನಽ ಇರ್ತದ. ಹೋಗ್ರಿ, ಅವರು ಕಾಯ್ಲಿಕ್ಹತ್ಯಾರ.”

ಅವತ್ತಿನ ವಿಷಯ ಶರೀರದ ಆರೋಗ್ಯ. ಮಾಸ್ತರರು ಹೋಗಿ ಕೂತು ಕೇಳಿದರು. ಆಷಾಢದಲ್ಲಿ ಹೆಂಡತಿ ತೀರಿಕೊಂಡರು. ಮಕ್ಕಳಿರಲಿಲ್ಲ. ಸಂಘದವರು ಸಭೆ ಸೇರಿ, ಸೊರಟೂರ ಮಾಸ್ತರರ ಧರ್ಮಪತ್ನಿಯವರ ನಿಧನಕ್ಕೆ ಸಂತಾಪ ಎಂದು ಠರಾವು ಬರೆದರು. ಮಾಸ್ತರರು ಅದಕ್ಕೂ ಎದ್ದು ಆಭಾರ ಹೇಳಿದರು, ನಾಲಗೆಗೆ ಅದೇ ರೂಢಿ.

ಆಮೇಲಿನ ದಿನಗಳನ್ನು ಏನು ಹೇಳುವುದು. ಖಾನಾವಳಿಯಲ್ಲಿ ಎರಡು ಹೊತ್ತು ಊಟ, ಅಡಿಗೆಮನೆಗೆ ಚಿಲಕ. ಮಂಗ ನುಗ್ಗುತ್ತವೆಂದು ಕಿಟಕಿ ಮುಚ್ಚಿದರು. ಸಾಯಂಕಾಲ ಶಾಲೆಯಿಂದ ಬಂದರೆ ಅವತ್ತು ನಡೆದದ್ದನ್ನು ಹೇಳಲು ಯಾರೂ ಇಲ್ಲ. ಹೇಳದೇ ಉಳಿದ ಸಂಗತಿಗಳು ಸಣ್ಣವೇ, ಹುಡುಗನೊಬ್ಬ ಮಗ್ಗಿ ತಪ್ಪಿದ್ದು, ಟಾಂಗಾದ ಕುದುರೆ ಮುಗ್ಗರಿಸಿದ್ದು. ಆದರೆ ಅವು ದಿನದಿನಕ್ಕೆ ಹೊಟ್ಟೆಯಲ್ಲಿ ಕೂಡುತ್ತ ಹೋದವು. ೧೯೫೬ರ ಬೇಸಿಗೆಯಲ್ಲಿ ಆಭಾರಕ್ಕೆ ಅವರು ಒಪ್ಪಲಿಲ್ಲ. ಮಾರ್ತಾಂಡ ಎಂಬ ಗುಮಾಸ್ತರೊಬ್ಬರು ನಿಂತು, ಉಸ್ಮಾನಸಾಬರನ್ನೇ ಮರೆತು, ಮರುದಿನ ಜಮಖಾನೆ ಬರದೆ ಮಂದಿ ಮಣ್ಣಿನಲ್ಲಿ ಕೂತರು.

ನವೆಂಬರದಲ್ಲಿ ಕನ್ನಡದ ನಾಡು ಒಂದಾಯಿತು. ಸಂಘದವರು ವಿಶೇಷ ವ್ಯಾಖ್ಯಾನ ಇಟ್ಟುಕೊಂಡರು, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಮಂದಿಯೂ ಚಕ್ಕಡಿ ಕಟ್ಟಿಕೊಂಡು ಬರುವವರಿದ್ದರು. ಅಂದಪ್ಪನವರೇ ಮನೆಗೆ ಬಂದರು.

“ಮಾಸ್ತರ, ಈ ಸಲ ನೀವು ಇಲ್ಲಾ ಅನ್ನಬ್ಯಾಡ್ರಿ. ಜಮಖಾನಿ ಇಲ್ದ ನಾಡು ಒಂದಾದ್ರ ಛಂದ ಕಾಣೂದಿಲ್ಲ.”

ಮಾಸ್ತರರು ನಗಲಿಲ್ಲ. “ಆತು, ಹೇಳ್ತೀನಿ” ಎಂದರು.

ನಾಡಿನ ಅಭಿಮಾನಕ್ಕೆ ಒಪ್ಪಿದರೆಂದು ಅಂದಪ್ಪನವರು ತಿಳಿದರು. ಮಾಸ್ತರರ ಮನಸ್ಸಿನಲ್ಲಿದ್ದುದು ಬೇರೆ, ಅಕ್ಬರಸಾಬನ ಹೆಸರಾದ ಮೇಲಿನ ಖಾಲಿ ಜಾಗ. ಅಲ್ಲಿ ಒಂದು ಹೆಸರು ಇಡಬೇಕು. ಇಟ್ಟರೆ ಸತ್ತವರು ಕೇಳುತ್ತಾರೆಂದು ಅವರೇನೂ ನಂಬಿರಲಿಲ್ಲ. ಆದರೂ ಇಡದೆ ಇನ್ನೊಂದು ಬೇಸಿಗೆ ಕಳೆಯುವುದು ಅವರಿಂದ ಆಗುವಂತಿರಲಿಲ್ಲ.

ಆದರೆ ಆ ಹೆಸರನ್ನು ಅವರು ಬಾಯಿಬಿಟ್ಟು ಕರೆದವರೇ ಅಲ್ಲ. ಮದುವೆಯಲ್ಲಿ ತಟ್ಟೆಯ ಅಕ್ಕಿಯ ಮೇಲೆ ಉಂಗುರದಿಂದ ಹೊಸ ಹೆಸರು ಬರೆದವರು ಅವರೇ, ತಾರಾ ಎಂದು. ಹತ್ತೊಂಬತ್ತು ವರ್ಷದ ವರನಿಗೆ ಆ ಎರಡು ಅಕ್ಷರ ಬಹಳ ಸೇರಿದ್ದವು. ಮನೆ ತುಂಬಿಸುವಾಗ ಹೆಂಗಸರು ಬಾಗಿಲಿಗೆ ಅಡ್ಡ ನಿಂತು, ಪ್ರಾಸದ ಒಡಪು ಕಟ್ಟಿ ಹೆಂಡತಿಯ ಹೆಸರು ಹೇಳಿದರೇ ಒಳಗೆ ಬಿಡುವುದು ಎಂದರು. ಉರುಹೊಡೆದ ಒಡಪು ಆ ಗಡಿಬಿಡಿಯಲ್ಲಿ ಮರೆತು ಬರೀ ಹೆಸರು ಹೇಳಿಬಿಟ್ಟರು, ಎಲ್ಲರೂ ನಕ್ಕರು. ಮದುಮಗಳೂ ಸೆರಗಿನಲ್ಲಿ ನಕ್ಕಳು. ಅವರ ಬಾಯಿಂದ ಆ ಹೆಸರು ಬಂದದ್ದು ಅದೇ ಕೊನೆ. ಮುಂದೆ ಮೂವತ್ತು ವರ್ಷ, ಇಲ್ಲಿ ಕೇಳು, ಎಲ್ಲಿದ್ದೀ, ಇಷ್ಟರಲ್ಲೇ ಸಂಸಾರ ನಡೆಯಿತು. ತವರಿನವರು ಹಳೆಯ ಹೆಸರಿನಿಂದ ವೆಂಕು ಎನ್ನುತ್ತಿದ್ದರು, ಓಣಿಗೆ ಮಾಸ್ತರರ ಮನೆಯವರು, ಊರಿಗೆ ಬಾಯಾರು.

ಎರಡು ದಿನ ಮನೆಯಲ್ಲಿ ಒಬ್ಬರೇ ನಿಂತು ರೂಢಿ ಮಾಡಿಕೊಂಡರು. ಅಕ್ಬರಸಾಬರವರೆಗೆ ನೀರು ಹರಿದ ಹಾಗೆ ಬರುತ್ತಿತ್ತು, ಅದರಾಚೆ ಹೋಗದೆ ಮತ್ತೆ ವ್ಯಾಖ್ಯಾನಕಾರರಿಂದ ಶುರುಮಾಡುತ್ತಿದ್ದರು. ಹೆಸರನ್ನು ಮೊದಲೇ, ಅಧ್ಯಕ್ಷರ ಬೆನ್ನಿಗೆ ಹೇಳಿಬಿಟ್ಟರೆ ಮಂದಿ ಕಿವಿಗೊಟ್ಟು ಕೇಳಿಯಾರು ಎಂದೂ ಯೋಚಿಸಿದರು. ಬೇಡವೆನಿಸಿತು. ಅವಳು ತೋರಿಸಿಕೊಟ್ಟ ಜಾಗ ಅದಲ್ಲ. ವ್ಯಾಖ್ಯಾನದ ದಿನ ಮಧ್ಯಾಹ್ನ ಅಡಿಗೆಮನೆಯ ಚಿಲಕ ತೆಗೆದು, ಕಸ ಗುಡಿಸಿ, ಕಿಟಕಿಯ ಎರಡೂ ಬಾಗಿಲು ತೆರೆದಿಟ್ಟರು. ತಮ್ಮ ಹುಚ್ಚಿಗೆ ತಾವೇ ನಾಚಿದರು, ಆದರೆ ಮುಚ್ಚಲಿಲ್ಲ.

ಬಯಲು ಕಿಕ್ಕಿರಿದಿತ್ತು. ಧಾರವಾಡದಿಂದ ಬಂದ ವಿದ್ವಾಂಸರು, ಒಂದಾದ ನಾಡಿನಲ್ಲಿ ನಾಗರಿಕರ ನಡತೆ ಹೇಗಿರಬೇಕು ಎಂದು ಸೊಗಸಾಗಿ ಮಾತಾಡಿದರು. ಪಕ್ಕದ ಮನೆಯವನ ಹೆಸರು ತಿಳಿಯದವನು ನಾಡಿನ ಹೆಸರು ಕೂಗಿ ಏನು ಫಲ ಎಂದರು. ಚಪ್ಪಾಳೆಯೋ ಚಪ್ಪಾಳೆ. ಮಾಸ್ತರರೂ ಚಪ್ಪಾಳೆ ತಟ್ಟಿದರು.

ಗೋಡೆಯ ಬದಿಗೆ ಹೋಗಿ ನಿಂತರು. ವ್ಯಾಖ್ಯಾನಕಾರರು, ಅಧ್ಯಕ್ಷರು, ಅಚ್ಚಿನವರು, ನೀಲಗಂಗವ್ವ, ಉಸ್ಮಾನಸಾಬರು. ಹಿರೇವಡ್ಡಟ್ಟಿಯಿಂದ ಬಾಳೆಕಂಬ ತಂದ ದ್ಯಾಮಪ್ಪನನ್ನೂ ಬಿಡಲಿಲ್ಲ. ಕೊನೆಗೆ ಅಕ್ಬರಸಾಬರು. ಅಕ್ಬರಸಾಬರು ದೀಪದ ಬಳಿಯಿಂದ ಎದ್ದು ಸಲಾಮು ಮಾಡಿದರು. ಅಷ್ಟೇ, ಹದಿನೆಂಟು ವರ್ಷದ ರೂಢಿಯಂತೆ ಇಡೀ ಬಯಲು ಮೇಲೆದ್ದಿತು. ಚಪ್ಪಲಿ, ಮಕ್ಕಳ ಅಳು, ಜಮಖಾನೆ ಕೊಡವುವ ಸದ್ದು.

“ಇನ್ನೊಬ್ಬರು ಇದ್ದಾರೆ” ಎಂದರು ಮಾಸ್ತರರು. ಯಾರೂ ಮತ್ತೆ ಕೂತುಕೊಳ್ಳಲಿಲ್ಲ. ಅವರು ಗೋಡೆಯ ಕಡೆಗೆ ಅರ್ಧ ತಿರುಗಿದರು. “ತಾರಾಬಾಯಿ” ಎಂದರು. ಕಟ್ಟಿಕೊಂಡಿದ್ದ ಮುಂದಿನ ವಾಕ್ಯ ಮರೆತೇಹೋಯಿತು. ಬರೀ ಹೆಸರು ಉಳಿಯಿತು. ಈ ಸಲ ನಗುವವರು ಯಾರೂ ಇರಲಿಲ್ಲ.

ಕೇಳಿಸಿಕೊಂಡವರು ಹತ್ತಿರವಿದ್ದ ಅಂದಪ್ಪನವರು ಒಬ್ಬರೇ. ವರದಿಯ ಪುಸ್ತಕ ಹಿಡಿದು ಬಂದರು.

“ಮಾಸ್ತರ, ಕಡೀಕ ಒಂದು ಹೆಸರ ಹೇಳಿದ್ರೆಲ್ಲಾ, ತಾರಾಬಾಯಿ ಅಂತ. ಯಾರ್ರೀ ಅವರು? ಹುಬ್ಬಳ್ಳಿಯವರೇನು?”

“ಅಲ್ಲ.”

“ಮತ್ತ ಏನ ಸೇವಾ ಮಾಡ್ಯಾರ ಅಂತ ಬರೀಲ್ರೀ? ನನಗ ಗೊತ್ತಽ ಇಲ್ಲಲ್ಲ ಇವರು.”

ಮಾಸ್ತರರು ಅವರನ್ನು ನೋಡಿದರು. ಕೆಟ್ಟ ಮನುಷ್ಯನಲ್ಲ ಅಂದಪ್ಪ, ಖರೇ ಕೇಳುತ್ತಿದ್ದಾರೆ.

“ಗೊತ್ತದ ನಿಮಗ. ಹದಿನೆಂಟು ವರ್ಷ ಅಕಿ ಕೈಯ ಭಕ್ರಿ ಉಂಡೀರಿ.”

ಅಂದಪ್ಪನವರ ಪೆನ್ಸಿಲು ನಿಂತಿತು. “ಬಾಯಾರ ಹೆಸರೇನ್ರೀ ಅದು?” ಎಂದರು, ಬಹಳ ಮೆಲ್ಲಗೆ. “ನಾವು ಒಂದಿನಾನೂ ಕೇಳಲಿಲ್ಲ ನೋಡ್ರಿ.”

“ನಾನೂ ಹೇಳಲಿಲ್ಲ” ಎಂದರು ಮಾಸ್ತರರು.

ಊಟಕ್ಕೆ ಖಾನಾವಳಿಗೆ ಹೋಗಲು ಮನಸ್ಸಾಗಲಿಲ್ಲ. ಮನೆಗೆ ಬಂದು ನೇರವಾಗಿ ಅಡಿಗೆಮನೆಗೆ ಹೋದರು. ಆ ಹೊತ್ತಿನಲ್ಲಿ ಅವರು ಅಲ್ಲಿ ಎಂದೂ ನಿಂತವರಲ್ಲ, ಆ ಹೊತ್ತಿಗೆ ಯಾವಾಗಲೂ ಅತಿಥಿಗಳ ಕಾಲಿಗೆ ನೀರು ಕೊಡುತ್ತಿದ್ದರು. ಹಂಚು ಗೋಡೆಗೆ ಆನಿಸಿದಂತೆಯೇ ಇತ್ತು. ಮಣೆಯ ಮೇಲೆ, ಅವಳ ಜಾಗದಲ್ಲಿ ಕೂತರು.

ತೆರೆದ ಕಿಟಕಿಯಿಂದ ಬಯಲಿನ ಮಾತು ಕೇಳುತ್ತಿತ್ತು. ಗೋಡೆಯ ಆಚೆ ಅಂದಪ್ಪನವರು ಅಕ್ಬರಸಾಬರಿಗೆ ಹೇಳುತ್ತಿದ್ದರು. “ಮಾಸ್ತರ ಮನಿಯವರ ಹೆಸರು ತಾರಾಬಾಯಿ ಅಂತ. ನಿಮಗ ಗೊತ್ತಿತ್ತೇನು?” “ಇಲ್ರೀ, ಇವತ್ತಽ ಕೇಳಿದ್ದು” ಎಂದರು ಅಕ್ಬರಸಾಬರು.

ಪಕ್ಕದಲ್ಲೇ ಕೂತು ಹೇಳಿದಷ್ಟು ಸ್ವಚ್ಛವಾಗಿ ಕೇಳುತ್ತಿತ್ತು. ಇಲ್ಲಿ ಕೂತವರಿಗೆ ಒಂದು ಹೆಸರೂ ತಪ್ಪುವಂತಿರಲಿಲ್ಲ. ಹದಿನೆಂಟು ಬೇಸಿಗೆ, ಬೇಸಿಗೆಗೆ ನಾಲ್ಕು ಸಂಜೆ, ಅವಳು ಇಲ್ಲಿ ಕೂತು ಊರವರ ಹೆಸರೆಲ್ಲ ಕೇಳಿ, ಕೊನೆಯದೂ ಮುಗಿದ ಮೇಲೆ ಹಂಚು ಇಟ್ಟಿದ್ದಳು. ಮಾಸ್ತರರು ಮಣೆಯ ಮೇಲೆ ಕೂತು ಅತ್ತರು.