ಕುಮುದಾ ಮೇಡಂ ಅವರ ವಾರದ ರಜೆ

ಬೆಳಕು ಹರಿಯುವ ಮೊದಲೇ ಲೇಬರ್ ಇನ್ಸ್‌ಪೆಕ್ಟರ್ ಕುಮುದಾ ಮೇಡಂ ಹಂಡೆಗೆ ಉರಿ ಹಾಕಿ, ಅಂಗಳ ಗುಡಿಸಿ, ದೋಸೆ ಎರೆದು, ಅತ್ತೆಗೆ ಸಕ್ಕರೆಯಿಲ್ಲದ ಕಾಫಿಯನ್ನೂ ಗಂಡ ಸುರೇಂದ್ರನಿಗೆ ಅವನೇ ಕಳೆದ ಕಾಲುಚೀಲವನ್ನೂ ಒದಗಿಸಿರುತ್ತಾರೆ. ಸರ್ಕಾರಿ ಕೆಲಸ ಆಮೇಲೆ. ಅವರು ಸಾಗರದಲ್ಲಿ ಬಸ್ಸು ಹತ್ತಿದರೆ ಸುದ್ದಿ ಅವರಿಗಿಂತ ಮೊದಲೇ ಹೊಸನಗರ ಮುಟ್ಟುತ್ತದೆ. ಅಲ್ಲಿನ ಅಂಗಡಿಗಳಲ್ಲಿ ದಿನವಿಡೀ ನಿಂತೇ ಬಟ್ಟೆ ಮಾರುವ ಹುಡುಗಿಯರ ಹಿಂದೆ ಅಣಬೆ ಎದ್ದಂತೆ ಸ್ಟೂಲುಗಳು ಏಳುತ್ತವೆ. “ವಾರದ ರಜೆ ದಾನ ಅಲ್ಲ ಕಣ್ರೀ, ಹಕ್ಕು!” ಎಂದು ಅವರು ಗಲ್ಲಾಪೆಟ್ಟಿಗೆ ಕುಟ್ಟಿದರೆ ಒಳಗಿನ ಚಿಲ್ಲರೆಯೂ ಹೌದೆನ್ನುತ್ತದೆ. ಮೊನ್ನೆ ತೀರ್ಥಹಳ್ಳಿಯ ಅಂಗಡಿಯ ಸುಪ್ರಿಯಾ, ಕೂತಲ್ಲಿಂದಲೇ, “ನಿಮ್ಗೆ ರಜಾ ಯಾವತ್ತು ಮೇಡಂ?” ಅಂದಳು. ಭಾನುವಾರ ಎನ್ನಹೊರಟವರು ತಡೆದುಕೊಂಡರು. ಅಂದು ಮನೆಮಂದಿಗೆಲ್ಲ ರಜೆ; ಹಾಗಾಗಿ ಇವರಿಗೆ ಎರಡು ಪಾಲು ಅಡುಗೆ. ಶನಿವಾರ ಸುರೇಂದ್ರ, “ನಾಳೆ ರಜಾ ಅಲ್ದಾ ಮಾರಾಯ್ತಿ, ಕಡುಬು ಮಾಡು” ಎಂದ. ಬೆಳಿಗ್ಗೆ ಮೇಡಂ ಯಾರನ್ನೂ ಎಬ್ಬಿಸದೆ, ಒಲೆಯನ್ನೂ ಹಚ್ಚದೆ, ತೀರ್ಥಹಳ್ಳಿಯ ಮೊದಲ ಬಸ್ಸು ಹತ್ತಿದರು. ಕಂಡಕ್ಟರ್ ಗಾಬರಿಯಾದ: “ಇವತ್ತು ಅಂಗಡಿ ಎಲ್ಲ ಬಾಗ್ಲು ಹಾಕಿರ್ತವೆ ಮೇಡಂ. ಅಲ್ಲಿ ಎಂತ ಕೆಲ್ಸ?” ಕುಮುದಾ ಕಿಟಕಿಯ ಪಕ್ಕಕ್ಕೆ ಸರಿದು ಕೂತರು. “ಎಂತದೂ ಇಲ್ಲ,” ಅಂದರು.