ಯಾರೂ ಬರುವ ಮೊದಲೇ ಬಿದ್ದ ಸರ್ವರ್

ನನಗೆ ಕಾಯಲು ಬರುವುದಿಲ್ಲ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಶೆಟ್ಟಿಕೆರೆಯ ಬಸ್ಸು ಕಣ್ಣಿಗೆ ಬೀಳುವ ಮೊದಲೇ ಚೀಲ ಹೆಗಲಿಗೇರಿಸಿ ನಿಲ್ಲುವವನು ನಾನು. ಇಂಥವನ ಹೆಂಡತಿ ಎರಡು ವರ್ಷಕ್ಕೆಂದು ಮಸ್ಕತ್ತಿನ ಆಸ್ಪತ್ರೆಗೆ ನರ್ಸಾಗಿ ಹೊರಟಳು. ತಿಪಟೂರಿಗೆ ಆಗಷ್ಟೇ ಬ್ರಾಡ್‌ಬ್ಯಾಂಡ್ ಬಂದಿತ್ತು. ನನ್ನ ಕಂಪ್ಯೂಟರ್ ಅಂಗಡಿಯ ಹಳೆಯ ಯಂತ್ರವೊಂದನ್ನು ವೆಬ್ ಸರ್ವರ್ ಮಾಡಿ, ಗಿರಿಜಾ ಒಬ್ಬಳೇ ಓದುವ ತಾಣವೊಂದನ್ನು ಕಟ್ಟಿದೆ. ಹಿತ್ತಲಿನ ದಾಸವಾಳ, ಹೊನ್ನವಳ್ಳಿಯಲ್ಲಿರುವ ಅತ್ತೆಯ ಮಂಡಿನೋವು, ನಾನು ಸೀಯಿಸಿದ ಉಪ್ಪಿಟ್ಟು, ಎಲ್ಲವೂ ಅದರಲ್ಲಿ.

ಅವಳ ಹಾಸ್ಟೆಲಿನಲ್ಲಿ ಇದ್ದದ್ದು ಒಂದೇ ಕಂಪ್ಯೂಟರ್. ಶುಕ್ರವಾರ ಸಂಜೆ ಅವಳ ಪಾಲಿಗೆ ಹತ್ತು ನಿಮಿಷ. ಬೆನ್ನ ಹಿಂದೆ ಕೇರಳದ ನರ್ಸುಗಳ ಸಾಲು. ನನ್ನ ಪುಟ ತೆರೆಯುವುದರಲ್ಲೇ ಅರ್ಧ ಹೊತ್ತು ಕಳೆಯುತ್ತಿತ್ತು. "ಓದಕ್ಕೇ ಆಗ್ಲಿಲ್ಲ ಕಣ್ರೀ, ಎದ್ದು ಬಂದೆ," ಎಂದಳು ಒಮ್ಮೆ ಫೋನಿನಲ್ಲಿ. ಆ ಮಾತು ವಾರವಿಡೀ ಚುಚ್ಚಿತು.

ಯಾರಾದರೂ ಬಂದಾಗ, ಪುಟಗಳನ್ನು ಕಟ್ಟಿಕೊಡುವ ಪುಟ್ಟ ಪ್ರೋಗ್ರಾಮುಗಳಾದ ಸ್ಕ್ರಿಪ್ಟುಗಳನ್ನು ಹುಡುಕಿ ತರುವ ಬದಲು, ಸರ್ವರ್ ಶುರುವಾಗುವಾಗಲೇ ಅವನ್ನು ಮೆಮೊರಿಗೆ ತುಂಬಿಸಿಟ್ಟರೆ ಪುಟ ಬೇಗ ತೆರೆಯುತ್ತದೆ ಎಂದು ಎಲ್ಲೋ ಓದಿದೆ. ತುಂಬಿಸಿಡುವುದನ್ನು ನಮ್ಮ ಸೀಮೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಕಾಯಿ ಒಣಗಿ ಕೊಬ್ಬರಿಯಾಗಲೆಂದು ಅಟ್ಟದ ತುಂಬ ಸುರಿದು ವರ್ಷವಿಡೀ ನೆಮ್ಮದಿಯಾಗಿರುವ ಜನ ನಾವು. ಇದ್ದ ಹದಿನಾರು ಸ್ಕ್ರಿಪ್ಟುಗಳನ್ನೂ ಹಿಂದುಮುಂದು ನೋಡದೆ ಶುರುವಿನ ಪಟ್ಟಿಗೆ ಸುರಿದೆ. ಗುರುವಾರ ಬೆಳಿಗ್ಗೆ ಸರ್ವರ್ ಎದ್ದ ಹಾಗೆಯೇ ಬಿತ್ತು. ಮತ್ತೆ ಎಬ್ಬಿಸಿದೆ, ಮತ್ತೆ ಬಿತ್ತು. ಮೊದಲಿನಂತೆಯೇ ಮಾಡಿಬಿಡಬಹುದಿತ್ತು. ಆದರೆ ಬಿಳಿಯ ಪರದೆಯನ್ನು ನೋಡುತ್ತ ಕೂತು ಎದ್ದುಹೋಗುವ ಗಿರಿಜಾ ಕಣ್ಣ ಮುಂದೆ ಬಂದಳು.

ಪಕ್ಕದಂಗಡಿಯ ನಯಾಜ್ ಪಂಪ್‌ಸೆಟ್ಟಿನ ಮೋಟಾರುಗಳಿಗೆ ತಂತಿ ಸುತ್ತುವವನು. ಕಂಪ್ಯೂಟರಿನ ಗಂಧಗಾಳಿ ಇಲ್ಲ. ನನ್ನ ಮುಖ ನೋಡಿ, "ಎಲ್ಲಾ ಕಳಚಿ ಮಡಗು ಕಣ್ಲಾ. ಒಂದೊಂದೇ ಹಾಕ್ ನೋಡು. ಯಾವುದ್ ಹಾಕ್ದಾಗ ಸತ್ತೋಯ್ತದೋ ಅದೇ ಕಳ್ಳ," ಎಂದ. ನನ್ನ ಬಳಿಯಿದ್ದ ಕಂಪ್ಯೂಟರಿನ ದಪ್ಪ ಪುಸ್ತಕ ಇದನ್ನೇ ಇಪ್ಪತ್ತು ಪುಟ ಹೇಳಿತ್ತು. ಒಂದೊಂದಾಗಿ ಸೇರಿಸುತ್ತ ಹೋದೆ. ಹದಿನೈದು ತೆಪ್ಪಗೆ ಕೂತವು. ಹದಿನಾರನೆಯದಕ್ಕೆ ಸರ್ವರ್ ಬಿತ್ತು.

ಅದು ಆ ವಾರವೇ ಹೊಸದಾಗಿ, ಎಲ್ಲಕ್ಕಿಂತ ಪ್ರೀತಿಯಿಂದ ಬರೆದದ್ದು. ಬಂದವರು ಯಾರೆಂದು ಕೇಳಿಕೊಂಡು, ಅವಳೇ ಆದರೆ, "ಬಂದ್ಯಾ ಗಿರಿಜಾ? ಊಟ ಆಯ್ತಾ?" ಎಂದು ಪರದೆಯ ಮೇಲೆ ಬರೆಯಬೇಕು. ಸರ್ವರ್ ಶುರುವಾಗುವ ಹೊತ್ತಿಗೆ ಯಾರು ತಾನೇ ಬಂದಿರುತ್ತಾರೆ? ಇಲ್ಲದವಳನ್ನು ಯಾರೆಂದು ಕೇಳಿ, ಉತ್ತರ ಸಿಗದೆ ಅದು ತಾನೂ ಬಿದ್ದು ಸರ್ವರನ್ನೂ ಬೀಳಿಸುತ್ತಿತ್ತು. ನಗು ಬರಬೇಕಿತ್ತು, ಬರಲಿಲ್ಲ. ಸಂಜೆ ಬೀಗ ತೆಗೆದು ಒಳಗೆ ಕಾಲಿಟ್ಟೊಡನೆ "ಗಿರಿಜಾ" ಎಂದು ಕೂಗಿ, ಅಡಿಗೆಮನೆಯ ಬಾಗಿಲಲ್ಲಿ ಸುಮ್ಮನೆ ನಿಂತುಬಿಡುತ್ತಿದ್ದವನು ನಾನು. ಅವಳಿಲ್ಲದ ಮನೆ ನನಗೆ ಸಾಕಾಗಿಹೋಗಿತ್ತು.

ಆ ಒಂದನ್ನು ಪಟ್ಟಿಯಿಂದ ತೆಗೆದು, ಅವಳು ಬಂದಾಗ ಮಾತ್ರ ಬಾಯಿಬಿಡುವಂತೆ ಮಾಡಿದೆ. ಶುಕ್ರವಾರ ಸರ್ವರ್ ಅಲುಗಾಡದೆ ನಿಂತಿತು. ಸಂಜೆ, ಯಾರು ಯಾವ ಪುಟ ತೆರೆದರೆಂದು ಅದು ಬರೆದಿಡುವ ದಾಖಲೆ ತೆರೆದು ನೋಡಿದರೆ, ಮಸ್ಕತ್ತಿನಿಂದ ಮೊದಲ ಪುಟವನ್ನು ಮಾತ್ರ ಏಳು ಸಲ ತೆರೆದಿದ್ದಳು. ಉಳಿದವನ್ನು ಮುಟ್ಟಿಯೇ ಇರಲಿಲ್ಲ. ಇನ್ನೇನು ಕೆಟ್ಟಿತಪ್ಪಾ ಎಂದು ಮತ್ತೆ ಪಟ್ಟಿ ಬಿಚ್ಚಿಕೊಂಡು ಕೂತೆ. ಅಷ್ಟರಲ್ಲಿ ಅವಳದೇ ಫೋನ್ ಬಂತು.

"ಪುಟ ತೆಗೀಲಿಲ್ವಾ?" ಎಂದೆ.

"ತಕ್ಷಣ ತೆಗೀತು ಕಣ್ರೀ. ಬಂದ್ಯಾ ಅಂತ ಕೇಳ್ತಲ್ಲ, ಅದಕ್ಕೇ ಮುಚ್ಚಿ ಮುಚ್ಚಿ ತೆಗ್ದೆ."

ಉಳಿದ ಹದಿನೈದು ಸ್ಕ್ರಿಪ್ಟುಗಳನ್ನು ನಾನು ಅಷ್ಟು ಕಷ್ಟಪಟ್ಟು ಬರೆಯಬೇಕಿರಲಿಲ್ಲ.